ಗುಡಿಸಲಿನಲ್ಲಿ ಎಂಟು ದಿನ

ಬಿಲ್ಲುಗಾರನ ತೊಡೆಗೆ ಬಾಣ ನಾಟಿ ಎಂಟು ದಿನವಾಗಿತ್ತು. ಹಾದಿ ತೋರಿಸುವ ವೆಂಡೆಲ್ ಮಾತ್ರ ಗುಡಿಸಲು ಬಿಟ್ಟು ಕದಲುತ್ತಿರಲಿಲ್ಲ.

"ಚಿಕ್ಕಪ್ಪ, ಕಣಿವೆ ದಾಟ್ಬೇಕು. ಹಿಮ ಬಿದ್ರೆ ದಾರಿ ಮುಚ್ಚಿಹೋಗುತ್ತೆ," ಎಂದಳು ಗೇಲ್, ಮೂರನೆಯ ಸಲ.

"ದಾಟೋಣಂತೆ. ಇವನನ್ನ ಯಾರು ನೋಡ್ಕೋತಾರೆ?"

ಬಿಲ್ಲುಗಾರನೂ ಇಲ್ಲ, ಬಾಣವೂ ಇಲ್ಲ. ಇದ್ದದ್ದು ವಿಸ್ಕಾನ್ಸಿನ್‌ನ ಒಂದು ಕಾಗದದ ಮಿಲ್ಲಿನ ಊರಿನಲ್ಲಿ, ನೆಲಮಾಳಿಗೆಯ ಮೇಜಿನ ಮೇಲೆ ಆಟದ ಪಾತ್ರಗಳ ಬಲಾಬಲ ಬರೆದ ಎರಡು ಹಾಳೆ, ನಾಲ್ಕು ದಾಳ, ಒಂದು ತಟ್ಟೆ ಜಿಂಕೆ ಮಾಂಸದ ಸಾಸೇಜು. ಪಕ್ಕದ ಊರಿನಲ್ಲಿ ಅಂಚೆ ಹಂಚುವ ಗೇಲ್ ನಾಲ್ಕು ವರ್ಷದಿಂದ ಈ ಆಟವನ್ನು ಕಟ್ಟುತ್ತಿದ್ದಳು. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಕಥೆಯೊಳಗಿನ ಒಬ್ಬೊಬ್ಬರಾಗಿ ತಾವೇನು ಮಾಡುತ್ತೇವೆಂದು ಹೇಳುತ್ತ ಹೋಗುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ಇಂಥ ಬೇರೆ ಆಟಗಳಲ್ಲಿ ಒಂದು ಗುಟುಕು ಮಂತ್ರದ ನೀರು ಕುಡಿದರೆ ಮುರಿದ ಮೂಳೆ ಕೂಡುವುದುಂಟು. ಗೇಲ್ ಕಟ್ಟಿದ ರಾಜ್ಯದಲ್ಲಿ ಮಂತ್ರ ಇದ್ದೂ ಇಲ್ಲದ ಹಾಗೆ. ಗಾಯ ಗಾಯದ ಹಾಗೆಯೇ ಮಾಯಬೇಕು ಅನ್ನುವುದು ಅವಳ ಹಟ. ಆಟದ ನಿಯಮಗಳ ಪುಸ್ತಕ ನಾಳೆ ಅಚ್ಚಿಗೆ ಹೋಗಬೇಕಿತ್ತು. ಗಾಯದ ಅಧ್ಯಾಯವೊಂದನ್ನೇ ಇನ್ನೂ ಹೊಸಬರ ಕೈಲಿ ಆಡಿಸಿ ನೋಡಿರಲಿಲ್ಲ. ಚಿಕ್ಕಪ್ಪ ವೆಂಡೆಲ್‌ಗೆ ಅರ್ಥವಾದರೆ ಯಾರಿಗಾದರೂ ಅರ್ಥವಾಗುತ್ತದೆ ಎಂದು ಮೂರು ಭಾನುವಾರದಿಂದ ಇಲ್ಲಿಗೆ ಬರುತ್ತಿದ್ದಳು. ಈಗ ನೋಡಿದರೆ ಚಿಕ್ಕಪ್ಪ ಆಡುತ್ತಲೇ ಇಲ್ಲ. ನೀರು ಕಾಯಿಸಿದೆ, ಬಟ್ಟೆ ಬದಲಿಸಿದೆ, ಸೌದೆ ತಂದೆ ಎನ್ನುತ್ತಾರೆ, ಅಷ್ಟೆ.

ಮೇಲಿನಿಂದ ಎರಡು ಬಾರಿ ಟಕ್ ಟಕ್ ಎಂದು ಊರುಗೋಲಿನ ಸದ್ದು ಬಂತು. ಗೇಲಳ ಅಪ್ಪ ಓರಿನ್ ನೆಲ ಕುಟ್ಟುತ್ತಿದ್ದ. ಒಂದು ಕುಟ್ಟಿದರೆ ನೀರು, ಎರಡು ಕುಟ್ಟಿದರೆ ಮಗ್ಗಲು ಬದಲಿಸಬೇಕು. ಮಿಲ್ಲಿನಲ್ಲಿ ಕಾಗದದ ಉರುಳೆ ಅವನ ಸೊಂಟದ ಮೇಲೆ ಹಾದು ಹನ್ನೊಂದು ವರ್ಷ. ಎರಡು ವಾರ ಇದ್ದು ಹೋಗುತ್ತೇನೆಂದು ಚೀಲ ಹಿಡಿದು ಬಂದ ತಮ್ಮ ಆಮೇಲೆ ಹೋಗಿರಲಿಲ್ಲ. ವೆಂಡೆಲ್ ದಾಳವನ್ನು ಮೆಲ್ಲಗೆ ಕೆಳಗಿಟ್ಟು ಎದ್ದ. ಗೇಲ್ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು: ಆಟಗಾರ ಮೇಜು ಬಿಟ್ಟು ಎದ್ದದ್ದು ಇದು ಐದನೆಯ ಸಲ. ಅಧ್ಯಾಯ ಬೇಸರ ತರಿಸುತ್ತಿದೆಯೆ?

ವೆಂಡೆಲ್ ಮರಳಿ ಬಂದು ಕೂತು ತನ್ನ ಹಾಳೆಯನ್ನು ಕಣ್ಣಿನ ಹತ್ತಿರ ತಂದುಕೊಂಡ. ಹಿಂದುಮುಂದು ತಿರುಗಿಸಿದ. ಎಂಟನೆಯ ತರಗತಿಗೇ ಶಾಲೆ ಬಿಟ್ಟವನು; ಓದಲು ತೊಡಕಾಗುತ್ತಿರಬೇಕು ಎಂದುಕೊಂಡು ಗೇಲ್ ಅವನ ಪಕ್ಕಕ್ಕೆ ಬಾಗಿ, ಇದು ಬಲ, ಇದು ಚುರುಕು ಎಂದು ಬೆರಳಿಟ್ಟು ತೋರಿಸಿದಳು.

"ಅದು ಗೊತ್ತಾಯ್ತು ಕಣಮ್ಮ. ಬಲ ಹತ್ತು ಅಂತ ಇದೆ."

"ಹೌದು, ಹತ್ತೇ."

"ಮೊದಲ್ನೇ ದಿನಾನೂ ಹತ್ತೇ ಇತ್ತಲ್ಲ."

"ನಿಮಗೆ ಏನೂ ಆಗಿಲ್ವಲ್ಲ ಚಿಕ್ಕಪ್ಪ. ಬಾಣ ಬಿದ್ದಿದ್ದು ಬಿಲ್ಲುಗಾರನಿಗೆ."

ವೆಂಡೆಲ್ ತಲೆಯಾಡಿಸಿದ. ಮತ್ತೆ ಹಾಳೆ ನೋಡಿದ. ಬಿಲ್ಲುಗಾರನ ಹಾಳೆಯಲ್ಲಿ ಅಂಕಿ ಎಷ್ಟು ಸಲ ಅಳಿಸಿ ಬರೆದದ್ದೆಂದರೆ ಕಾಗದ ಸವೆದಿತ್ತು. ವೆಂಡೆಲ್‌ನದು ಹೊಸದರ ಹಾಗೆ ಇತ್ತು. ನಿಯಮ ಏನು ಹೇಳುತ್ತದೆ, ಇನ್ನೊಮ್ಮೆ ಓದು ಎಂದ. ಗೇಲ್ ಓದಿದಳು. ಗಾಯಾಳು ಒಂಟಿಯಾಗಿದ್ದರೆ ಗಾಯ ಮಾಯಲು ದಿನಕ್ಕೆ ಒಂದು ದಾಳ, ಆರೈಕೆಗೆ ಒಬ್ಬರು ಜೊತೆಗಿದ್ದರೆ ಎರಡು.

"ಆ ಒಬ್ಬರಿಗೆ?"

"ಅವರಿಗೇನು?"

"ನನಗೂ ಅದೇ ತಿಳೀತಿಲ್ಲ," ಎಂದ ವೆಂಡೆಲ್. "ನನ್ನ ಕಣ್ಣಿಗೇ ಕಾಣ್ತಿಲ್ವೋ, ನೀನು ಬರೆದೇ ಇಲ್ವೋ."

ಗೇಲ್ ಪುಟ ತಿರುವಿದಳು. ಹಿಂದಕ್ಕೂ ತಿರುವಿದಳು. ಆ ಒಬ್ಬರಿಗೆ ಏನಾಗುತ್ತದೆ ಎಂಬುದು ನಲವತ್ತು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ. ಅವಳ ಗೆಳೆಯರು ಆಡಿದಾಗ ಗಾಯಾಳುವನ್ನು ಐದೇ ನಿಮಿಷದಲ್ಲಿ ಯಾವುದೋ ಹಳ್ಳಿಯಲ್ಲಿ ಬಿಟ್ಟು ಮುಂದೆ ಹೋಗಿದ್ದರು. ಯಾರೂ ಹೀಗೆ ಕೇಳಿರಲಿಲ್ಲ. ಚಿಕ್ಕಪ್ಪನಿಗೆ ಆಟ ತಿಳಿದಿಲ್ಲವೋ, ತನಗೇ ತಿಳಿದಿಲ್ಲವೋ ಅವಳಿಗೆ ಗೊತ್ತಾಗಲಿಲ್ಲ.

ಮೇಲೆ ಒಂದು ಟಕ್. ವೆಂಡೆಲ್ ಲೋಟಕ್ಕೆ ನೀರು ತುಂಬಿಸಿಕೊಂಡು ಮೆಟ್ಟಿಲು ಹತ್ತಿದ. ಗೇಲ್ ಪೆನ್ಸಿಲ್ ಹಿಡಿದು ಕೂತಳು. ಮಾಡಲು ಬೇರೇನೂ ಇಲ್ಲದ್ದರಿಂದ ಹೆಜ್ಜೆ ಎಣಿಸಿದಳು. ಏಳನೆಯ ಮೆಟ್ಟಿಲಿನಲ್ಲಿ ಸದ್ದು ನಿಂತಿತು. ಬಹಳ ಹೊತ್ತು ನಿಂತಿತು. ಮತ್ತೆ ಎಂಟು, ಒಂಬತ್ತು. ಬಾಗಿಲು ತೆರೆಯಿತು. ಆಮೇಲೆ, "ಏನಪ್ಪಾ ದೊರೆ, ನಾನೇನು ಓಡಿಹೋಗ್ತೀನಾ?" ಎಂದು ನಗುತ್ತಾ ಕೇಳುವ ಚಿಕ್ಕಪ್ಪನ ಧ್ವನಿ. ಹದಿನೆಂಟು ವರ್ಷದವನ ಧ್ವನಿಯಂತೆ ಗಟ್ಟಿಯಾಗಿತ್ತು.

ಇಳಿದು ಬರುವಾಗಲೂ ಅವನು ಏಳನೆಯದರಲ್ಲಿ ನಿಂತು, ಕಟಾಂಜನ ಹಿಡಿದು, ಉಸಿರು ಕೂಡಿಸಿಕೊಂಡ. ಗೇಲ್ ನೋಡುತ್ತಿರುವುದು ಕಂಡ ಕೂಡಲೇ ಬೆನ್ನು ನೆಟ್ಟಗೆ ಮಾಡಿದ.

ಗೇಲ್ ಅವನ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಿದ್ದಳು. ಹತ್ತನ್ನು ಅಳಿಸಿಯಾಗಿತ್ತು. ಅಲ್ಲಿ ಏನು ಬರೆಯಬೇಕೆಂದು ತೋಚದೆ ಪೆನ್ಸಿಲ್ ಗಾಳಿಯಲ್ಲೇ ಇತ್ತು.

"ದಿನಕ್ಕೆ ಎಷ್ಟು ಕಳೀಲಿ ಚಿಕ್ಕಪ್ಪ?"

ವೆಂಡೆಲ್ ಕೂತು, ಸಾಸೇಜಿನ ಒಂದು ಚೂರು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದ.

"ಎಷ್ಟಾದ್ರೂ ಕಳಿ. ಬಿಲ್ಲುಗಾರನಿಗೆ ಈ ಹಾಳೆ ತೋರಿಸ್ಬಾರದು ಅಂತ ಮಾತ್ರ ನಿಯಮದಲ್ಲಿ ಬರಿ."