ಸೋದರತ್ತೆಯ ಬೆನ್ನು

ಗಾಳಿ ಸದ್ದನ್ನು ಹೊರುವುದು ಬಿಟ್ಟ ಮೇಲೆ ಹುಟ್ಟಿದವಳು ನೀಲವ್ವ. ಎಲ್ಲರಂತೆ ಅವಳ ಕೊರಳಲ್ಲೂ ಮಾತನ್ನು ಅಂಕಿಗಳಾಗಿಸುವ ಪುಟ್ಟ ಕಂಪ್ಯೂಟರ್ ಬೋರ್ಡಿತ್ತು, ಕಿವಿಯ ಹಿಂದೆ ಅಂಕಿಗಳನ್ನು ಮತ್ತೆ ದನಿಯಾಗಿಸುವ ಪರಿವರ್ತಕವಿತ್ತು. ಇಂದು ತಮ್ಮನ ಮಗಳಿಗೆ ನಾಮಕರಣ. ಕೂಸಿನ ಹೊಸ ಪರಿವರ್ತಕಕ್ಕೆ ಸೋದರತ್ತೆ ತನ್ನ ಬೋರ್ಡಿನಿಂದ ಮೂರು ತಂತಿ ಜೋಡಿಸಿ, ಬೇರಾರಿಗೂ ಕೇಳದಂತೆ ಹೆಸರು ಹೇಳಬೇಕು.

ತಂತಿ ಕೆಲಸದ ಸಂಜೆ ತರಗತಿಯಲ್ಲಿ ಕಲಿತದ್ದನ್ನು ನೆನೆದು ನೀಲವ್ವ ಜೋಡಿಸಿದಳು, ಬಿಚ್ಚಿದಳು, ಮತ್ತೆ ಜೋಡಿಸಿದಳು. ಮೂರರಲ್ಲಿ ಅಂಕಿಗಳ ತಾಳ ಹಿಡಿಯುವ ತಂತಿ ಸಡಿಲವಾದರೆ ಕೂಸಿಗೆ ಕೇಳುವುದು ಬರೀ ಗರಗರ ಸದ್ದು. ನಾಮಕರಣದಲ್ಲಿ ಮೊದಲ ಸದ್ದಾಗಿ ಅದನ್ನೇ ಕೇಳಿದ ಪಕ್ಕದ ಮನೆಯ ಮಗು ಇಂದಿಗೂ ಪರಿವರ್ತಕವನ್ನು ಕಿತ್ತೆಸೆಯುತ್ತದೆ, ಮಾತು ಕಲಿತಿಲ್ಲ.

“ಮೂರು ತಂತಿಗೆ ಮುಂಜಾನಿಂದ ಕುಂತೀಯಲ್ಲ ಯವ್ವಾ, ಕೂಸು ಲಗ್ನಕ್ಕ ಬಂದೀತು!” ಎಂದಳು ದೊಡ್ಡಮ್ಮ.

“ನೀವು ಮಾಡಿದ್ದು ಸರಿನ ಇರತೈತಿ, ಹೇಳ್ರಿ ಅಕ್ಕಾ,” ಎಂದಳು ಬಾಣಂತಿ.

ನೀಲವ್ವ ಕೊನೆಯ ತಂತಿ ಸಿಕ್ಕಿಸಿದಳು. ಇನ್ನು ಅವಳ ದನಿ ಕೂಸೊಂದಕ್ಕೇ. ಗರಗರವೇ ಕೇಳಿಸೀತೆಂದು ಬಾಯಿ ತೆರೆಯಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಪದ್ಧತಿಯಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದತೊಡಗಿದರು. ಗುದ್ದಿನ ಸದ್ದು ಎಲುಬಿನಲ್ಲಿ ಹಾದು ಕೊರಳ ಬೋರ್ಡನ್ನು ಮುಟ್ಟಿತು. ತೊಟ್ಟಿಲ ಬಟ್ಟೆಯನ್ನೇ ನೋಡುತ್ತಿದ್ದ ಕೂಸು ಕಣ್ಣು ಮಿಟುಕಿಸಿತು. ಇನ್ನೊಂದು ಗುದ್ದಿಗೆ ಮತ್ತೆ ಮಿಟುಕಿಸಿತು. ಗುದ್ದು ನಿಂತಾಗ ಸುಮ್ಮನೆ ಕಾಯಿತು.

ನೀಲವ್ವ ಕೈಸನ್ನೆ ಮಾಡಿ ಮತ್ತೊಮ್ಮೆ, ಜೋರಾಗಿ, ಗುದ್ದಿಸಿಕೊಂಡಳು. ಕೂಸಿನ ರೆಪ್ಪೆ ಅದರೊಂದಿಗೇ ಅದುರಿತು; ತಂತಿ ಗಟ್ಟಿಯಾಗಿಯೇ ಕೂತಿತ್ತು. ಆಮೇಲೆ ಅವಳು ತೊಟ್ಟಿಲಿಗೆ ಬಗ್ಗಿ ಹೆಸರು ಹೇಳಿದಳು.