ಅಂಪೈರ್ ಶಿಕ್ಷೆ

ನಮ್ಮ ಭಾನುವಾರದ ಕ್ರಿಕೆಟ್ಟಿಗೆ ಒಂದೇ ನಿಯಮ: ದೆಹಲಿ ರಾಜಕೀಯ ಎತ್ತಿದವನಿಗೆ ಅಂದು ಆಟವಿಲ್ಲ, ಬಿಸಿಲಲ್ಲಿ ಅಂಪೈರ್ ಆಗಿ ನಿಲ್ಲಬೇಕು.

ಐವತ್ತೆಂಟರ ಲೋಕಪ್ಪನಿಗೆ ಮಾತ್ರ ಬುದ್ಧಿ ಬರಲಿಲ್ಲ. ಟಾಸಿಗೆ ಮುಂಚೆಯೇ ಒಂದು ವಾರ ಸರ್ಕಾರವನ್ನು, ಮರುವಾರ ವಿರೋಧ ಪಕ್ಷವನ್ನು ಜಾಡಿಸಿ ಶಿಕ್ಷೆ ಹಾಕಿಸಿಕೊಳ್ಳುತ್ತಿದ್ದ.

ಈ ವಾರ ಅವನನ್ನು ಪಕ್ಕಕ್ಕೆ ಎಳೆದೆ. "ಅಲ್ಲಯ್ಯಾ, ನೀನು ಯಾವ ಪಕ್ಷದವನು? ಒಂದಿನ ಬಾಯಿ ಮುಚ್ಕೊಂಡಿದ್ರೆ ಬ್ಯಾಟ್ ಹಿಡೀಬಹುದಲ್ಲ?"

ಅವನು ಅತ್ತಿತ್ತ ನೋಡಿ ಪ್ಯಾಂಟನ್ನು ಮೇಲಕ್ಕೆ ಮಡಿಸಿದ. ಮಂಡಿಗೆ ದಪ್ಪ ಪಟ್ಟಿ ಸುತ್ತಿಕೊಂಡಿದ್ದ.

"ಓಡಬಾರದು ಅಂತ ಡಾಕ್ಟರ್ ಹೇಳಿ ವರ್ಷ ಆಯ್ತು ಕಣೋ. ಗೊತ್ತಾದ್ರೆ ಟೀಮಿಂದ ತೆಗೀತೀರಿ. ಪೇಪರಲ್ಲಿ ನಾನು ಓದೋದು ಬರೀ ಆಟದ ಪುಟ."

ನನಗೂ ಈಚೆಗೆ ಎರಡು ರನ್ನಿಗೇ ಏದುಸಿರು ಬರುತ್ತಿತ್ತು. ಮೈದಾನಕ್ಕೆ ಮರಳಿ, ಎಲ್ಲರಿಗೂ ಕೇಳುವಂತೆ ಕೂಗಿದೆ:

"ಅಲ್ರೋ, ಈ ಸಲದ ಕೇಂದ್ರ ಬಜೆಟ್ ನೋಡಿದ್ರಾ?"