ಖಾಲಿ ಮಂಚ

ಎಲ್ಲ ಬಾಗಿಲುಗಳ ಲೆಕ್ಕ ನೋಡುವ ಯಂತ್ರ ಹಸಿರು ದೀಪ ಹೊತ್ತಿಸದೆ ಆ ಊರಿನಲ್ಲಿ ಯಾವ ಬಾಗಿಲೂ ತೆರೆಯುವುದಿಲ್ಲ. ಆಸ್ಪತ್ರೆಯ ಗಾಜಿನಾಚೆ ಮಂಚವೊಂದು ಖಾಲಿಯಿತ್ತು. ಈಚೆ ಸ್ಟ್ರೆಚರಿನ ಮೇಲೆ ನೀಲವ್ವನ ಗಂಡ ಏದುಸಿರು ಬಿಡುತ್ತಿದ್ದ.

“ಅಲ್ಲಿ ಮಲಗಿಸಪಾ,” ಎಂದಳು ನೀಲವ್ವ.

“ಅದೂ ತುಂಬಿದ್ರ ಆಪರೇಷನ್ ಆದವ್ರನ್ನ ಹಾಕಾಕ ಜಾಗ ಇರಂಗಿಲ್ಲ. ಎಲ್ಲಾ ಕಟ್ಟಿ ನಿಂದರತೈತಿ, ಅಕ್ಕಾರ. ಯಂತ್ರ ಬಿಡಂಗಿಲ್ಲ,” ಎಂದ ವಾರ್ಡ್‌ಬಾಯ್ ದಾವಲಸಾಬ.

ನೀಲವ್ವ ತಲೆಯಾಡಿಸಿದಳು. ಹೆರಿಗೆಗೂ ಅವಳು ಇದೇ ಬಾಗಿಲಲ್ಲಿ ಕಾದಿದ್ದಳು.

ಅಷ್ಟರಲ್ಲಿ ಹಿಂದಿನ ಬಾಗಿಲಿಗೆ ಹಸಿರು ಬಂತು. ಅದು ಶವಾಗಾರದ ದಾರಿ. ಹಸಿರು ಬಂದ ಮೇಲೆ ನಿಲ್ಲುವಂತಿಲ್ಲ. ದಾವಲಸಾಬ ಸ್ಟ್ರೆಚರ್ ತಿರುಗಿಸಿದ.

“ಇನ್ನೂ ಉಸಿರಾಡಾಕತ್ತಾರಲ್ಲಪಾ.”

“ಯಂತ್ರಕ್ಕ ಗೊತ್ತೈತ್ರಿ,” ಎಂದ ಅವನು, ತಳ್ಳುತ್ತಲೇ. “ದಾರಿ ಭಾಳ ಉದ್ದ ಐತಿ.”